ಕತೆಯಲ್ಲಿ ವರ್ಣನೆ ಕಣ್ಣಿಗೆ ಕಟ್ಟಬೇಕು, ಉದ್ದವಾಗಬಾರದು: ನಿಮ್ಮ ಅನುಭವವೇನು?

ಕೇಳಿದ್ದು: ಕತೆ ಬರೆಯುವಾಗ ಒಂದು ಕೋಣೆಯನ್ನೋ ಮುಖವನ್ನೋ ವರ್ಣಿಸಲು ಹೊರಟರೆ ಪುಟ ತುಂಬುತ್ತದೆ. ಆದರೂ ಓದಿದವರಿಗೆ ಏನೂ ಕಾಣಿಸುವುದಿಲ್ಲವಂತೆ. ಇದನ್ನು ದಾಟಿ ಬಂದವರು ದಯವಿಟ್ಟು ತಿಳಿಸಿ.

ಅನುಭವ 1
ನನಗೂ ಇದೇ ಕಾಟವಿತ್ತು. ಹೆಂಡತಿಯನ್ನು ಕಳೆದುಕೊಂಡ ಮುದುಕನೊಬ್ಬನ ಕೋಣೆಯನ್ನು ಬರೆಯುತ್ತಿದ್ದೆ. ಮಸುಕು ಬೆಳಕು, ಸುಣ್ಣ ಉದುರಿದ ಗೋಡೆ, ನಿಂತ ಗಡಿಯಾರ, ಮಂಚ, ಕಪಾಟು, ಸಾಲದ್ದಕ್ಕೆ ‘ಮಡುಗಟ್ಟಿದ ವಿಷಾದ’. ಒಟ್ಟು 11 ವಾಕ್ಯ. ಎರಡು ವಾರ ಬಿಟ್ಟು ಓದಿದಾಗ ಸಾಮಾನಿನ ಪಟ್ಟಿಯಂತೆ ಕಂಡಿತು. ಒಳಗೆ ಬಂದ ಕೂಡಲೇ ಅವನ ಕಣ್ಣು ಎಲ್ಲಿಗೆ ಹೋಗುತ್ತದೆ ಎಂದು ಆಗ ಕೇಳಿಕೊಂಡೆ. ಉಳಿದದ್ದು ಇಷ್ಟು: “ಮೇಜಿನ ಆಚೆಗೊಂದು, ಈಚೆಗೊಂದು ಕುರ್ಚಿ. ಆಚೆಯದರ ಮೇಲೆ ಧೂಳು ಕುಳಿತಿತ್ತು.”

ಮೊದಲು ‘ಧೂಳಿತ್ತು’ ಎಂದೇ ಬರೆದಿದ್ದೆ. ‘ಕುಳಿತಿತ್ತು’ ಎಂದಾದ ಮೇಲೆ, ಅದು ಆಕೆಯ ಕುರ್ಚಿ ಎಂದು ಬೇರೆ ಹೇಳಬೇಕಾಗಲಿಲ್ಲ. ಗಡಿಯಾರವನ್ನು ಬಿಡಲು ಮಾತ್ರ ಬಹಳ ದಿನ ಮನಸ್ಸು ಬರಲಿಲ್ಲ. ಅದು ನಾನು ಕಂಡದ್ದಲ್ಲ, ಬೇರೆಯವರ ಕತೆಗಳಲ್ಲಿ ಓದಿದ್ದು ಎಂದು ಅರಿವಾದ ದಿನ ತೆಗೆದೆ.

ಅನುಭವ 2
ಧೂಳಿನ ಮಾತು ನಿಜ. ಕ್ರಿಯಾಪದ ಸರಿಯಾಗಿ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ‘ಹಣ್ಣೆಲೆ ಕೊಂಬೆಯಿಂದ ಬಿಟ್ಟುಕೊಂಡು ಕೆಳಗೆ ಬಿದ್ದಿತು’ ಎನ್ನುವುದಕ್ಕೆ ‘ಹಣ್ಣೆಲೆ ಕಳಚಿತು’ ಸಾಕು. ಸದ್ದನ್ನೇ ಹೋಲುವ ಅನುಕರಣ ಪದಗಳನ್ನು ನಾವು ಮಕ್ಕಳ ಕತೆಗೆಂದು ಬಿಟ್ಟುಬಿಟ್ಟಿರುವುದು ನನಗೆ ಬೇಸರದ ಸಂಗತಿ. ಇಬ್ಬರು ಪಿಸುಗುಟ್ಟಿದರು ಎಂದರೆ ಅಲ್ಲಿ ಒಲವೂ ಇರಬಹುದು; ಗುಸುಗುಸು ಎಂದರೆ ಮೂರನೆಯವರ ಸುದ್ದಿ ಬಂದಿದೆ ಎಂದೇ ಅರ್ಥ. ಒಂದೇ ಪದದಲ್ಲಿ ಇಷ್ಟು ಹೇಳುವ ಸಾಧನವನ್ನು ಕೈಯಲ್ಲಿಟ್ಟುಕೊಂಡು ನಾವು ವಿಶೇಷಣ ಪೇರಿಸುತ್ತೇವೆ.

ಅನುಭವ 3
ನನ್ನ ತೊಂದರೆ ಉಪಮೆಗಳದ್ದು. ಒಂದು ಮುಖಕ್ಕೆ ಎರಡು ಹೋಲಿಕೆ ಕೊಡುತ್ತಿದ್ದೆ. ಎರಡನೆಯದು ಮೊದಲನೆಯದನ್ನು ಅಳಿಸಿಹಾಕುತ್ತಿತ್ತು. ಇದ್ದುದನ್ನು ಇದ್ದಂತೆ ಹೇಳುವ ಸ್ವಭಾವೋಕ್ತಿಯೂ ಅಲಂಕಾರವೇ, ಸಂಸ್ಕೃತದ ಹಳೆಯ ಅಲಂಕಾರಶಾಸ್ತ್ರಜ್ಞ ದಂಡಿ ತನ್ನ ಕಾವ್ಯಾದರ್ಶದಲ್ಲಿ ಅದನ್ನೇ ಮೊದಲ ಅಲಂಕಾರವೆಂದು ಎಣಿಸಿದ್ದಾನೆ ಎಂದು ತಿಳಿದಾಗ ಧೈರ್ಯ ಬಂತು.

ಆದರೆ ಸಿಕ್ಕಿದ್ದನ್ನೆಲ್ಲ ಕತ್ತರಿಸಬೇಡಿ. ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗೆ ಕಾಯುತ್ತಿರುವವಳು ನೆಲದ ಹಾಸುಗಲ್ಲುಗಳನ್ನೂ ಎಣಿಸುತ್ತಾಳೆ, ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡುತ್ತಾಳೆ. ಅಂಥ ಕಡೆ ನಾನು ಇನ್ನೂ ಮೂರು ವಾಕ್ಯ ಹೆಚ್ಚೇ ಬರೆಯುತ್ತೇನೆ.