ಪಿಂಗ್‌ಗೆ ಫುಲ್ ಫಾರ್ಮ್ ಇದೆಯಾ?

ಶ್ರೀಧರ ಮಾವ (ಫಾರ್ವರ್ಡ್): ನಿಮಗೆ ಗೊತ್ತೇ? ಪಿಂಗ್ ಅಂದರೆ ‘ಪ್ಯಾಕೆಟ್ ಇಂಟರ್ನೆಟ್ ಗ್ರೋಪರ್’! ದಿನಾ ಬಳಸುವವರಿಗೇ ತಿಳಿದಿಲ್ಲ! ಎಲ್ಲರಿಗೂ ಕಳಿಸಿ 🙏

ಶ್ರೀಧರ ಮಾವ: ಪಿಂಗ್ ಮಾಡು, ಪಿಂಗ್ ಮಾಡು ಅನ್ನುವ ಆಫೀಸಿನ ಮಕ್ಕಳೆಲ್ಲ ಓದಿ.

ಸುಮಾ: ಮಾವ, ಇದನ್ನು ಬರೆದವರು ಯಾರು? ಪಿಂಗ್ ಅನ್ನುವ ಕಂಪ್ಯೂಟರ್ ಪ್ರೋಗ್ರಾಮ್ ಮಾಡಿದ್ದು ಮೈಕ್ ಮೂಸ್. 1983ರ ಡಿಸೆಂಬರ್, ಅಮೆರಿಕದ ಸೇನೆಯ ಪ್ರಯೋಗಾಲಯ, ಒಂದೇ ಸಂಜೆ ಕೂತು ಬರೆದದ್ದು. ಒಂದು ಕಂಪ್ಯೂಟರ್ ಇನ್ನೊಂದನ್ನು ಕೂಗುತ್ತದೆ, ಅದು ಓಗೊಡುತ್ತದಾ ಅಂತ ನೋಡುತ್ತದೆ. ಸಬ್‌ಮರೀನ್ ಹುಡುಕುವ ಸೋನಾರ್ ಹೊರಡಿಸುವ ಶಬ್ದದ ಹೆಸರನ್ನೇ ಇಟ್ಟೆ ಅಂತ ಅವರೇ ಹೇಳಿದ್ದಾರೆ. ಫುಲ್ ಫಾರ್ಮ್ ಡೇವಿಡ್ ಮಿಲ್ಸ್ ಅನ್ನುವ ಇನ್ನೊಬ್ಬ ಕಂಪ್ಯೂಟರ್ ತಜ್ಞರು ಹೊಂದಿಸಿದ್ದಂತೆ.

ಶ್ರೀಧರ ಮಾವ: ಅಂದರೆ ಫುಲ್ ಫಾರ್ಮ್ ಇದೆ ಅಂತಾಯ್ತಲ್ಲ.

ರಘು: ನನಗೆ ಪಿಂಗ್‌ಪಾಂಗ್ ನೆನಪಾಯ್ತು. ಅಜ್ಜಿ ಮನೆ ಊಟದ ಮೇಜು, ನಡುವೆ ಪುಸ್ತಕ ಜೋಡಿಸಿದ್ದೇ ನೆಟ್. ಇದ್ದದ್ದು ಒಂದೇ ಚೆಂಡು. ಅದು ಬಿರುಕು ಬಿಟ್ಟ ಮೇಲೆ ‘ಟಕ್’ ಹೋಗಿ ‘ಟೊಪ್’ ಅನ್ನೋಕೆ ಶುರುವಾಯ್ತು. ಆದರೂ ಇಡೀ ಬೇಸಿಗೆ ಆಡಿದೆವು.

ದೊಡ್ಡಪ್ಪ: ಹೆಸರು ಏನಾದರೂ ಇರಲಿ. ಮನುಷ್ಯರನ್ನು ಕರೆದು ಮಾತಾಡಿಸಿ. ಬರೀ ‘ಹಾಯ್’ ಕಳಿಸಿ ಕೂತರೆ ಸಂಬಂಧ ಉಳಿಯುತ್ತದಾ?

ಚಿಕ್ಕಮ್ಮ: ಸರಿಯಾಗಿ ಹೇಳಿದ್ರಿ ಭಾವ. ಕೆಲವರು ಗೃಹಪ್ರವೇಶಕ್ಕೂ ಇಲ್ಲಿ ಕಾರ್ಡಿನ ಫೋಟೋ ಹಾಕಿ ಮುಗಿಸಿದರು. ತಂಗಿಗೆ ಕುಂಕುಮ ಇಟ್ಟು ಕರೆಯಲಿಲ್ಲ.

ಶ್ರೀಧರ ಮಾವ: ಕೆಲವರು ಅಂದರೆ ನಾನೇ ತಾನೇ? ಎರಡು ಸಲ ಫೋನ್ ಮಾಡಿದ್ದೆ. ಸ್ವಿಚ್ ಆಫ್. ಇನ್ನು ಸುಮಾ, ನಾನು ಏನು ಹಾಕಿದರೂ ನಿನಗೆ ತಪ್ಪೇ. ಯುಗಾದಿ ದಿನವೂ ಎಲ್ಲರ ಮುಂದೆ ಹೀಗೇ ಮಾಡಿದೆ.

ಸುಮಾ: ಯುಗಾದಿ ದಿನದ್ದು ನನ್ನ ತಪ್ಪು ಮಾವ, ಒಬ್ಬರಿಗೇ ಹೇಳಬೇಕಿತ್ತು. ಆದರೆ ಅನುಕರಣಾವ್ಯಯ ನನಗೆ ಹೇಳಿಕೊಟ್ಟವರು ನೀವೇ ಅಲ್ವಾ? ಚಟಚಟ, ದಬದಬ, ಧಗಧಗ. ತಟ್ಟೆ ಬಿದ್ದರೆ ಠಣ್ ಅನ್ನುತ್ತೇವೆ, ಠಣ್‌ಗೆ ಫುಲ್ ಫಾರ್ಮ್ ಹುಡುಕುವುದಿಲ್ಲ. ಪಿಂಗ್ ಇಂಗ್ಲಿಷಿನವರ ಠಣ್. ಗುಂಡು ಹಾರಿದ ಸದ್ದಿಗೆ 19ನೇ ಶತಮಾನದಲ್ಲೇ ಆ ಮಾತು ಇತ್ತು, ಆಗ ಸೋನಾರೂ ಇಲ್ಲ, ಇಂಟರ್ನೆಟ್ಟೂ ಇಲ್ಲ. ಕಿವಿಗೆ ಕೇಳಿದ್ದನ್ನು ಜನ ಬಾಯಲ್ಲಿ ಹಿಡಿದದ್ದು. ಅದನ್ನು ನಾಲ್ಕು ಅಕ್ಷರಕ್ಕೆ ಒಡೆದು ಹಾಕಿದರೆ ನನಗೆ ಬೇಜಾರಾಗುತ್ತದೆ.

ಶ್ರೀಧರ ಮಾವ: ಧಗಧಗ ಅನ್ನೋದು ಕೇಳಿಸುತ್ತದಾ, ಕಾಣಿಸುತ್ತದಾ ಅಂತ ಆಗ ಕೇಳಿದ್ದೆ ನೀನು. ಇನ್ನೂ ನೆನಪಿದೆ.

ಚಿಕ್ಕಮ್ಮ: ಅಣ್ಣ, ಯಾವ ನಂಬರಿಗೆ ಫೋನ್ ಮಾಡಿದ್ದೆ? ಹಳೇದು ಬಿಟ್ಟು ಎರಡು ವರ್ಷ ಆಯ್ತು.