ಹೆದ್ದಾರಿ 48ರಲ್ಲಿ ಡೀಸೆಲ್ ಟ್ಯಾಂಕರ್ ಮಗುಚಿದರೆ ಎಣ್ಣೆ ಯಾವ ಕೆರೆಗೆ? ಕ್ಯೂಜಿಐಎಸ್, ಗ್ನೋಮ್ ಬಗ್ಗೆ ಪ್ರಶ್ನೆ

ದುರ್ಗದ_ನಕ್ಷೆ:
ಹಿರಿಯೂರಿನಿಂದ ಹರಿಹರದವರೆಗೆ ಹೆದ್ದಾರಿಯಲ್ಲಿ ಎಲ್ಲೇ ಟ್ಯಾಂಕರ್ ಮಗುಚಿದರೂ ಎಣ್ಣೆ ಯಾವ ಹಳ್ಳ ಹಿಡಿದು ಯಾವ ಕೆರೆ ಸೇರುತ್ತದೆ ಅಂತ ತೋರಿಸೋ ನಕ್ಷೆ ಬೇಕು. ಲೆಕ್ಕಕ್ಕೆ 20 ಸಾವಿರ ಲೀಟರ್ ಡೀಸೆಲ್. ಬಾಹ್ಯಾಕಾಶದಿಂದ ಅಳೆದ, 30 ಮೀಟರಿಗೊಂದು ಚೌಕದ ಎಸ್‌ಆರ್‌ಟಿಎಂ ಎತ್ತರದ ದತ್ತಾಂಶಕ್ಕೆ ಕ್ಯೂಜಿಐಎಸ್ ಅನ್ನೋ ನಕ್ಷೆಯ ತಂತ್ರಾಂಶದಲ್ಲಿ ಫಿಲ್ ಸಿಂಕ್ಸ್ (ತಗ್ಗುಗಳನ್ನ ತುಂಬಿ ಸಮ ಮಾಡೋ ಸಾಧನ) ಓಡಿಸಿದರೆ ಹರಿವಿನ ಗೆರೆ ಮೋರಿಯೇ ಇಲ್ಲದ ಕಡೆ ರಸ್ತೆ ದಾಟುತ್ತೆ, ಕೆರೆಯೊಳಗೆ ಸ್ಕೇಲಿಟ್ಟು ಎಳೆದ ಹಾಗೆ ನೇರ ಗೆರೆ ಬರುತ್ತೆ. ಇದನ್ನ ಬಿಟ್ಟು, ಚೆಲ್ಲಿದ ಎಣ್ಣೆ ಎತ್ತ ಹೋಗುತ್ತೆ ಅಂತ ಲೆಕ್ಕ ಹಾಕುವ ಗ್ನೋಮ್ ತಂತ್ರಾಂಶ ಬಳಸಲಾ?

ತುಂಗಾತೀರ:
ಬೇಡ. ಅಮೆರಿಕದ ಸಾಗರ, ಹವಾಮಾನ ಸಂಸ್ಥೆ ನೋವಾ ಮಾಡಿದ ಗ್ನೋಮ್ ಮುಖ್ಯವಾಗಿ ಸಮುದ್ರ, ಅಳಿವೆಗಳಿಗೆ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕೊಡುವ ಎಣ್ಣೆ ಸೋರಿಕೆ ಮುನ್ಸೂಚನೆಯೂ ಕಡಲಿಗೇ. ಹಳ್ಳದಲ್ಲಿ ಗ್ನೋಮ್‌ಗೆ ಕೊಡೋಕೆ ನೀರಿನ ಹರಿವಿನ ದತ್ತಾಂಶವಾದರೂ ಎಲ್ಲಿದೆ? ಅದರ ಜೊತೆಗಿರುವ ಆಡಿಯೋಸ್ ಮಾತ್ರ ಉಪಯೋಗಕ್ಕೆ ಬರುತ್ತೆ: ಎಣ್ಣೆಯ ಬಗೆ, ನೀರಿನ ಉಷ್ಣತೆ, ಗಾಳಿಯ ವೇಗ ಕೊಟ್ಟರೆ ಎಷ್ಟು ಹೊತ್ತಿಗೆ ಎಷ್ಟು ಆವಿಯಾಗುತ್ತೆ ಅಂತ ಹೇಳುತ್ತೆ.

ಮೋರಿ_ಲೆಕ್ಕ:
ಎಸ್‌ಆರ್‌ಟಿಎಂ ಅಳತೆ 2000ದ ಫೆಬ್ರವರಿಯದು. ಆಮೇಲೆ ಅಗಲ ಮಾಡಿ ಎತ್ತರಿಸಿದ ರಸ್ತೆಯ ಏರಿ ಅದರಲ್ಲಿಲ್ಲ. 2011ರಿಂದ 2015ರ ಅಳತೆಯ ಕೋಪರ್ನಿಕಸ್ ಜಿಎಲ್‌ಒ-30 ಎತ್ತರದ ದತ್ತಾಂಶ ತಗೊಳ್ಳಿ. ಮೊದಲು ಅದನ್ನ ಮೀಟರಿನಲ್ಲಿ ಅಳೆಯುವ ಇಪಿಎಸ್‌ಜಿ 32643 ನಿರ್ದೇಶಾಂಕ ಪದ್ಧತಿಗೆ ಬದಲಾಯಿಸಿ, ಇಲ್ಲದಿದ್ದರೆ 500 ಮೀಟರ್ ಬಫರ್ (ಸುತ್ತಲಿನ ಪಟ್ಟಿ) ಕೇಳಿದಾಗ 500 ಡಿಗ್ರಿ ಅಂತ ಓದಿಕೊಳ್ಳುತ್ತೆ. ಆಮೇಲೆ ರಸ್ತೆಯ ಗೆರೆಯುದ್ದಕ್ಕೂ ದತ್ತಾಂಶದಲ್ಲಿ ಎತ್ತರವನ್ನ 10 ಮೀಟರ್ ಏರಿಸಿ, ಮೋರಿ ಇರುವ ಪಿಕ್ಸೆಲ್‌ಗಳನ್ನಷ್ಟೇ ಸುತ್ತಲಿನ ನೆಲಕ್ಕಿಂತ ತಗ್ಗಿಸಿ. ಮೋರಿಗಳ ಜಾಗ ಉಪಗ್ರಹ ಚಿತ್ರದಲ್ಲಿ ಸರಿಯಾಗಿ ಕಾಣಲ್ಲ, ಫೋನಿನಲ್ಲಿ ಕ್ಯೂಫೀಲ್ಡ್ ನಕ್ಷೆ ಆ್ಯಪ್ ಹಿಡಿದು ರಸ್ತೆ ಬದಿ ನಡೆದೇ ಗುರುತು ಮಾಡಬೇಕು. ಈ ಕೆಲಸ ತಪ್ಪಿಸಿಕೊಂಡರೆ ಉಳಿದದ್ದೆಲ್ಲ ದಂಡ.

ಕೆರೆಯೊಳಗಿನ ನೇರ ಗೆರೆಗಳು ಫಿಲ್ ಸಿಂಕ್ಸ್‌ನ ಚೇಷ್ಟೆ, ಅಳಿಸಿಬಿಡಿ. ಹರಿವನ್ನ ಕೆರೆಯಂಗಳಕ್ಕೆ ನಿಲ್ಲಿಸಿ, ಪ್ರತಿ ಕೆರೆಗೂ ಕೋಡಿ (ತುಂಬಿದ ನೀರು ಹೊರಬೀಳುವ ಜಾಗ), ತೂಬು (ಏರಿಯಡಿಯಿಂದ ನೀರು ಬಿಡುವ ಬಾಯಿ) ಅಂತ ಎರಡು ಬಿಂದು ಇಡಿ.

ಕೋಡಿಹಳ್ಳ:
ಈ ಎರಡು ಬಿಂದುಗಳ ಮೇಲೇ ಇಡೀ ಯೋಜನೆ ನಿಂತಿದೆ. ಡೀಸೆಲ್ ತೇಲುತ್ತೆ, ತೂಬು ನೀರನ್ನ ಕೆಳಗಿಂದ ಎಳೆಯುತ್ತೆ. ತೂಬಿನ ಬಾಯಿ ನೀರಲ್ಲಿ ಚೆನ್ನಾಗಿ ಮುಳುಗಿರುವವರೆಗೆ ಎಣ್ಣೆ ಹೆಚ್ಚಾಗಿ ಕೆರೆಯಲ್ಲೇ ಉಳಿಯುತ್ತೆ. ಕೋಡಿ ಬಿದ್ದರೆ ಮೇಲಿನ ಪದರವೇ ಮುಂದಿನ ಕೆರೆಗೆ ಹೋಗುತ್ತೆ. ಹಾಗಾಗಿ ಬೇಸಿಗೆಗೊಂದು, ಮಳೆಗಾಲಕ್ಕೊಂದು ನಕ್ಷೆ ಮಾಡಿ. ಸಣ್ಣ ಹಳ್ಳಕ್ಕೆ ಮಣ್ಣಿನ ಒಡ್ಡು ಹಾಕಿ ಪೈಪ್ ಇಡಬಹುದು: ಮೇಲ್ಹರಿವಿನ ಬಾಯಿ ತಳದಲ್ಲಿ, ಇನ್ನೊಂದು ತುದಿ ಎತ್ತರದಲ್ಲಿ. ಪೈಪ್ ಸಣ್ಣದಾದರೆ ನೀರು ಒಡ್ಡಿನ ಮೇಲೆ ಹತ್ತಿ ಎಣ್ಣೆಯನ್ನೂ ಒಯ್ಯುತ್ತೆ. ಜೆಸಿಬಿ ಇಳಿಯುವ ದಾರಿಯನ್ನೂ ನಕ್ಷೆಯಲ್ಲಿ ಹಾಕಿ. ಇದು ಡೀಸೆಲ್‌ಗೆ ಮಾತ್ರ ಹೇಳಿದ್ದು. ಪೆಟ್ರೋಲ್ ಆದರೆ ಜೆಸಿಬಿಯ ಕಿಡಿಯೇ ಸಾಕು, ಅಗ್ನಿಶಾಮಕದವರು ಒಪ್ಪುವವರೆಗೆ ಹತ್ತಿರ ಹೋಗಬಾರದು.

ದುರ್ಗದ_ನಕ್ಷೆ:
ಹರಿಹರದ ಹತ್ತಿರ ತುಂಗಭದ್ರೆಗೇ ಬಿದ್ದರೆ? ಅಲ್ಲಿ ಕೆರೆಯೂ ಇಲ್ಲ, ಕೋಡಿಯೂ ಇಲ್ಲ.

ತುಂಗಾತೀರ:
ಅಲ್ಲಿ ವೇಗವೇ ಮುಖ್ಯ. ಕಿತ್ತಳೆ ಹಣ್ಣು ಎಸೆದು 50 ಮೀಟರ್ ಹೋಗೋಕೆ ಎಷ್ಟು ಸೆಕೆಂಡ್ ಅಂತ ನೋಡಿ. ಎಣ್ಣೆ ಮೇಲ್ಮೈಯಲ್ಲೇ ಹೋಗೋದರಿಂದ ಮೇಲಿಂದ ತಳದವರೆಗಿನ ಸರಾಸರಿ ವೇಗ ಸಿಗಲಿ ಅಂತ 0.85ರಿಂದ ಗುಣಿಸಬೇಡಿ. ಹರಿವಿಗೆ ಅಡ್ಡಲಾಗಿ ಕಟ್ಟಿದ ಬೂಮ್ (ಎಣ್ಣೆ ತಡೆಯುವ ತೇಲು ಬೇಲಿ) ಸೆಕೆಂಡಿಗೆ ಸುಮಾರು 0.35 ಮೀಟರ್ ವೇಗದವರೆಗಷ್ಟೇ ತಡೆಯುತ್ತೆ, ಅದು ದಾಟಿದರೆ ಎಣ್ಣೆ ಅಡಿಯಿಂದ ನುಸುಳುತ್ತೆ. ವೇಗ 0.7 ಇದ್ದರೆ ಹರಿವಿಗೆ 30 ಡಿಗ್ರಿ ಓರೆಯಾಗಿ ಕಟ್ಟಬೇಕು, ಅಂದರೆ 60 ಮೀಟರ್ ಅಗಲಕ್ಕೆ 120 ಮೀಟರ್ ಬೂಮ್. ಕೆಳಗಿನ ತುದಿ ಟ್ಯಾಂಕರ್ ನಿಲ್ಲಬಲ್ಲ ದಡಕ್ಕೆ ಬರಲಿ, ಬಳಿದ ಎಣ್ಣೆ ತುಂಬಿಸೋದು ಅಲ್ಲೇ. ಕುಡಿಯೋ ನೀರನ್ನ ನದಿಯಿಂದ ಎತ್ತುವ ಜಾಕ್‌ವೆಲ್‌ಗಳಿಗೆ ಎಣ್ಣೆ ತಲುಪಲು ಎಷ್ಟು ನಿಮಿಷದ ದೂರ ಅಂತಲೂ ಬರೆದಿಡಿ, ಪಂಪ್ ನಿಲ್ಲಿಸೋಕೆ ಫೋನ್ ಮಾಡುವವರಿಗೆ ಮೊದಲು ಬೇಕಾಗೋದು ಅದೇ.