ಹಳೇ ಮನೆಯ ಸಿಮೆಂಟ್ ಶೀಟು ತೆಗೆಸಬೇಕು, ಪಕ್ಕದವರಿಗೆ ಕೊಡಬಹುದಾ?

ತೀರ್ಥಹಳ್ಳಿಯವ:
ನಮ್ಮದು ತೀರ್ಥಹಳ್ಳಿ ಹತ್ತಿರದ ಹಳೇ ಮನೆ. ಮೊದಲು ಪೂರ್ತಿ ಹೆಂಚೇ ಇತ್ತು. ಮಂಗಗಳ ಕಾಟಕ್ಕೆ ಒಂದು ಹೆಂಚೂ ನೆಟ್ಟಗೆ ಉಳಿಯುತ್ತಿರಲಿಲ್ಲ, ಅದಕ್ಕೇ ಅಪ್ಪ 1989ರಲ್ಲಿ ಅಡುಗೆಮನೆಗೂ ಹಿಂದಿನ ಎರಡು ಕೋಣೆಗೂ ಸಿಮೆಂಟ್ ಶೀಟು ಹಾಕಿಸಿದರು. ಈಗ ಮೇಲೆಲ್ಲ ಪಾಚಿ. ಎರಡು ಶೀಟು ಬಿರುಕು ಬಿಟ್ಟಿವೆ, ಒಡೆದ ಅಂಚಿನಲ್ಲಿ ನಾರು ನಾರಾಗಿ ಕಾಣುತ್ತದೆ. ಆ ಕೋಣೆಯಲ್ಲೇ ಮಗಳು ಮಲಗುವುದು. ಕೆಲಸದವರು ಬಂದು ನೋಡಿ, ಮೇಲಿಂದ ಒಡೆದು ಕೆಳಗೆ ಹಾಕುತ್ತೇವೆ, ಅರ್ಧ ದಿನದ ಕೆಲಸ ಅಂದರು. ಪಕ್ಕದ ಮನೆಯವರು ಚೆನ್ನಾಗಿರುವ ಶೀಟು ಕೊಟ್ಟಿಗೆಗೆ ಕೊಡಿ ಅಂತ ಕೇಳುತ್ತಿದ್ದಾರೆ. ಈ ಶೀಟಿನಲ್ಲಿರುವ ಕಲ್ನಾರು (ಆಸ್ಬೆಸ್ಟಾಸ್) ಅಪಾಯ ಅಂತ ಓದಿದಾಗಿನಿಂದ ತಲೆ ಕೆಟ್ಟಿದೆ. ಏನು ಮಾಡಲಿ?

ಅಡಿಕೆ ತೋಟ:
ಇಷ್ಟೆಲ್ಲ ಹೆದರಬೇಡಿ. ನಾವು 30 ವರ್ಷ ಇದೇ ಶೀಟಿನ ಕೆಳಗೆ ಬೆಳೆದವರು, ಯಾರಿಗೂ ಏನೂ ಆಗಿಲ್ಲ. ಊರಿನ ಅರ್ಧ ಮನೆಗೆ ಇದೇ ಇದೆ. ಬಿರುಕು ಬಿಟ್ಟ ಎರಡು ಬದಲಾಯಿಸಿ, ಉಳಿದದ್ದಕ್ಕೆ ಕೈ ಹಾಕಬೇಡಿ.

ಕ್ಯಾನ್‌ಬೆರಾ ಕನ್ನಡತಿ:
ನಾನಿರುವ ಊರಲ್ಲಿ 1968ರಿಂದ 1979ರವರೆಗೆ ಮಿಸ್ಟರ್ ಫ್ಲಫಿ ಅಂತಲೇ ಜನ ಕರೆಯುವ ಒಂದು ಕಂಪನಿ ಮನೆಗಳ ಸೀಲಿಂಗ್ ಮೇಲೆ ಬಿಸಿಲು, ಚಳಿ ತಡೆಯಲಿ ಅಂತ ಕಲ್ನಾರನ್ನು ಹತ್ತಿಯ ಹಾಗೆ ಊದಿ ತುಂಬಿತ್ತು. ಒಮ್ಮೆ ಸರ್ಕಾರವೇ ಅದನ್ನು ತೆಗೆಸಿತು. ಆದರೂ ಗೋಡೆ ಸಂದಿಯಲ್ಲಿ ಉಳಿದುಬಿಟ್ಟಿತ್ತು. ಕೊನೆಗೆ 2014ರಿಂದ ಸಾವಿರಕ್ಕೂ ಹೆಚ್ಚು ಮನೆಗಳನ್ನು ಸರ್ಕಾರ ಕೊಂಡುಕೊಂಡು ಕೆಡವಿತು. ಮಕ್ಕಳು ಆಡಿದ ಮನೆ, ಕೈಯಾರೆ ನೆಟ್ಟ ಗಿಡ, ಎಲ್ಲ ಬಿಟ್ಟು ಹೋದ ಜನ ಅವರು. ಅದಕ್ಕೇ "ಏನೂ ಆಗಿಲ್ಲ" ಅನ್ನುವ ಮಾತು ಕೇಳಿದರೆ ನನಗೆ ಭಯ ಆಗುತ್ತದೆ. ಇದರ ಕಾಯಿಲೆ ಬರುವುದೇ 20, 30, 40 ವರ್ಷ ಕಳೆದ ಮೇಲೆ.

ಸೈಟ್ ಇಂಜಿನಿಯರ್:
ಇಬ್ಬರ ಮಾತಲ್ಲೂ ಅರ್ಧ ನಿಜ ಇದೆ. ಕ್ಯಾನ್‌ಬೆರಾದಲ್ಲಿ ಇದ್ದದ್ದು ಬಿಡಿ ನಾರು, ಸ್ವಲ್ಪ ಗಾಳಿ ಬಂದರೂ ಹಾರುವಂಥದ್ದು. ನಮ್ಮ ಶೀಟಿನಲ್ಲಿ ಬಹುಪಾಲು ಸಿಮೆಂಟು. ನಾರು ನೂರಕ್ಕೆ ಹತ್ತರ ಆಸುಪಾಸು, ಅದೂ ಸಿಮೆಂಟಿನೊಳಗೆ ಕಚ್ಚಿಕೊಂಡಿರುತ್ತದೆ. ಶೀಟು ಗಟ್ಟಿಯಾಗಿದ್ದು ಯಾರೂ ಮುಟ್ಟದಿದ್ದರೆ ಅಪಾಯ ಕಡಿಮೆ. ಕೊರೆದಾಗ, ಗ್ರೈಂಡರ್‌ನಲ್ಲಿ ಕತ್ತರಿಸಿದಾಗ, ಪಾಚಿ ಕೆರೆದಾಗ, ಒಡೆದಾಗ ಅದು ಧೂಳಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಹಾಗಾಗಿ ನಿಮ್ಮ ಮನೆಯಲ್ಲಿ ಅತಿ ಅಪಾಯದ ದಿನ ಅಂದರೆ ಅದು ಶೀಟು ಇಳಿಸುವ ದಿನ. "ಒಡೆದು ಕೆಳಗೆ ಹಾಕುತ್ತೇವೆ" ಅನ್ನುವವರಿಗೆ ದಯವಿಟ್ಟು ಕೆಲಸ ಕೊಡಬೇಡಿ.

ಅಡಿಕೆ ತೋಟ:
ಸರಿ, ಇದು ನನಗೆ ಗೊತ್ತಿರಲಿಲ್ಲ. ನಾವು ಪ್ರತಿ ವರ್ಷ ತಂತಿ ಬ್ರಷ್‌ನಲ್ಲಿ ಪಾಚಿ ಉಜ್ಜಿಸುತ್ತೇವೆ.

ಸೈಟ್ ಇಂಜಿನಿಯರ್:
ಅದನ್ನು ಇವತ್ತೇ ನಿಲ್ಲಿಸಿ.

ತೀರ್ಥಹಳ್ಳಿಯವ:
ಹಾಗಾದರೆ ಇಳಿಸುವುದು ಹೇಗೆ?

ಸೈಟ್ ಇಂಜಿನಿಯರ್:
ಮೊದಲ ಮಾತು, ಶೀಟಿನ ಮೇಲೆ ಯಾರೂ ಕಾಲಿಡಬಾರದು. ಹಳೇ ಶೀಟು ಮುರಿದು ಕೆಳಗೆ ಬಿದ್ದು ಸತ್ತವರು ಎಷ್ಟೋ ಜನ ಇದ್ದಾರೆ. ಕೆಳಗಿನಿಂದ ಅಟ್ಟಣಿಗೆ ಕಟ್ಟಿಸಿ ಕೆಲಸ ಮಾಡಿಸಿ. ಕೋಣೆ ಪೂರ್ತಿ ಖಾಲಿ ಮಾಡಿ, ನೆಲಕ್ಕೆ ಪ್ಲಾಸ್ಟಿಕ್ ಹಾಸಿ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಮೆಲ್ಲಗೆ ಸಿಂಪಡಿಸಿ ಶೀಟು ನೆನೆಸಿ. ಶೀಟನ್ನು ಕೆಳಗಿನ ತೊಲೆಗೆ ಹಿಡಿದಿಡುವ ಕೊಕ್ಕೆಯಂಥ ಜೆ ಬೋಲ್ಟ್ ತುಕ್ಕು ಹಿಡಿದಿರುತ್ತದೆ, ಅದನ್ನು ಬೋಲ್ಟ್ ಕಟರ್‌ನಿಂದ ಕತ್ತರಿಸಿ. ಶೀಟು ಮಾತ್ರ ಇಡಿಯಾಗಿಯೇ ಕೆಳಗೆ ಬರಬೇಕು. ಹತ್ತಡಿ ಶೀಟು 40 ಕೆ.ಜಿ. ಹತ್ತಿರ ಇರುತ್ತದೆ, ಇಬ್ಬರಿಗೆ ಆಗುವ ಕೆಲಸ ಅಲ್ಲ. ಬಟ್ಟೆ ಮಾಸ್ಕ್ ಸಾಲದು, ಅತಿ ಸಣ್ಣ ಧೂಳನ್ನೂ ತಡೆಯುವ ಪಿ100 ಫಿಲ್ಟರ್ ಇರುವ ರಬ್ಬರ್ ಮಾಸ್ಕ್ ಬೇಕು. ಕೆಲಸ ಮುಗಿದ ಮೇಲೆ ಪೊರಕೆ ಮುಟ್ಟಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಶೀಟಿನ ಜೊತೆ ಕಟ್ಟಿಬಿಡಿ.

ಕ್ಯಾನ್‌ಬೆರಾ ಕನ್ನಡತಿ:
ಕೆಲಸದವರು ಹಾಕಿಕೊಂಡ ಬಟ್ಟೆ ಅವರ ಮನೆಗೆ ಹೋಗಬಾರದು. ಫ್ಯಾಕ್ಟರಿಯಲ್ಲಿ ದುಡಿದ ಗಂಡನ ಬಟ್ಟೆ ಒಗೆದ ಹೆಂಗಸರಿಗೇ ಶ್ವಾಸಕೋಶದ ಪೊರೆಯ ಕ್ಯಾನ್ಸರ್ ಬಂದದ್ದಿದೆ.

ಕೂಲಿ ಕೆಲಸದ ಮಗ:
ಪಕ್ಕದ ಮನೆಯವರ ವಿಷಯ ಯಾರೂ ಮಾತಾಡುತ್ತಿಲ್ಲ. ಇದೇ ಶೀಟು ಅಂಗಡಿಯಲ್ಲಿ ಹೊಸದಾಗಿ ಮಾರುತ್ತಾರೆ, ನಮ್ಮ ದೇಶದಲ್ಲಿ ನಿಷೇಧ ಇಲ್ಲ. ನಾರನ್ನು ರಷ್ಯಾದಿಂದ ಹಡಗಿನಲ್ಲಿ ತರಿಸುತ್ತಾರೆ. ದುಡ್ಡಿದ್ದವರು ಬಣ್ಣದ ತಗಡು ಹಾಕಿಕೊಳ್ಳುತ್ತೀರಿ, ಇಲ್ಲದವನು ನಿಮ್ಮ ಹಳೇ ಶೀಟು ಕೇಳಿದರೆ ವಿಷ ಅಂತೀರಿ. ಅವರ ದನ ಮಳೆಯಲ್ಲಿ ನೆನೆಯಬೇಕಾ?

ಸೈಟ್ ಇಂಜಿನಿಯರ್:
ನಿಮ್ಮ ಸಿಟ್ಟು ನ್ಯಾಯವೇ. 1995ರಲ್ಲಿ ಸುಪ್ರೀಂ ಕೋರ್ಟ್ ಕಲ್ನಾರು ಕಾರ್ಖಾನೆ ಕಾರ್ಮಿಕರ ಆರೋಗ್ಯದ ದಾಖಲೆಯನ್ನು 40 ವರ್ಷ ಇಡಬೇಕು ಅಂತ ಹೇಳಿತು. ಆದರೆ ಮನೆಮನೆಗೆ ಹೋಗಿ ಶೀಟು ಹಾಕುವವನ ದಾಖಲೆ ಯಾರ ಹತ್ತಿರ ಇದೆ? ಕೊಡಬೇಡಿ ಅನ್ನುವುದು ಅದಕ್ಕೇ. 35 ವರ್ಷ ಬಿಸಿಲು ಮಳೆ ತಿಂದ ಶೀಟನ್ನು ಕೊಟ್ಟಿಗೆ ಅಳತೆಗೆ ಕತ್ತರಿಸುತ್ತಾರೆ, ಹೊಸ ತೂತು ಕೊರೆಯುತ್ತಾರೆ, ಆ ಧೂಳು ಕುಡಿಯುವುದು ಅವರೇ. ಅವರಿಗೆ ಬೇರೆ ಏನಾದರೂ ಕೊಡಿ. ಬರೀ ಇಲ್ಲ ಅನ್ನಬೇಡಿ.

ತೀರ್ಥಹಳ್ಳಿಯವ:
ಸರಿ ಅನ್ನಿಸಿತು. ಇಳಿಸಿದ ಶೀಟು ಎಲ್ಲಿಗೆ? ಇಲ್ಲಿ ಎಲ್ಲರೂ ಪುಡಿ ಮಾಡಿ ತೋಟದ ದಾರಿಯ ಗುಂಡಿಗೆ ತುಂಬುತ್ತಾರೆ.

ಸೈಟ್ ಇಂಜಿನಿಯರ್:
ಅದು ಬೇಡವೇ ಬೇಡ. ದಪ್ಪ ಪ್ಲಾಸ್ಟಿಕ್‌ನಲ್ಲಿ ಎರಡು ಸುತ್ತು ಸುತ್ತಿ, ಟೇಪ್ ಹಾಕಿ, ಮೇಲೆ ಕಲ್ನಾರು ಅಂತ ದೊಡ್ಡದಾಗಿ ಬರೆಯಿರಿ. ಇಂಥ ತ್ಯಾಜ್ಯ ಹೂಳುವ ಜಾಗ ದಾಬಸ್‌ಪೇಟೆ ಹತ್ತಿರ ಇದೆ, ಆದರೆ ನೀವೇ ಲಾರಿ ಮಾಡಿಕೊಂಡು ಹೋಗುವಂಥದ್ದಲ್ಲ. ಶಿವಮೊಗ್ಗದ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೆ ಕೆಲಸ ಶುರು ಮಾಡುವ ಮೊದಲೇ ಬರೆದು ಕೇಳಿ.

ತೀರ್ಥಹಳ್ಳಿಯವ:
ಪಕ್ಕದವರ ಹತ್ತಿರ ನಿನ್ನೆ ಸಂಜೆ ಕೂತು ಎಲ್ಲ ಹೇಳಿದೆ. ಮೊದಲು ಮುಖ ಸಣ್ಣದಾಯಿತು. ನಮ್ಮ ಅಟ್ಟದ ಮೇಲೆ ಅಪ್ಪ ಇಳಿಸಿಟ್ಟ ಮಂಗಳೂರು ಹೆಂಚು ಇನ್ನೂ 400 ಇದೆ, ಅದನ್ನು ಕೊಡುತ್ತೇನೆ ಅಂದೆ. ಅವರ ಕೊಟ್ಟಿಗೆ ಬಯಲಿನಲ್ಲಿದೆ, ಹತ್ತಿರ ಮರ ಇಲ್ಲ, ಮಂಗ ಬರುವುದು ಕಡಿಮೆ. ಒಪ್ಪಿದರು. ಮಂಡಳಿಗೆ ಇವತ್ತು ಪತ್ರ ಹಾಕಿದ್ದೇನೆ. ಅಲ್ಲಿಂದ ಉತ್ತರ ಬರುವವರೆಗೆ ಶೀಟು ಇಳಿಸುವುದಿಲ್ಲ, ಮಗಳನ್ನು ಮುಂದಿನ ಕೋಣೆಗೆ ಮಲಗಿಸಿದ್ದೇವೆ.